ಒಳಗೆ ಚಿಲಕವಿಲ್ಲದ ಬಾಗಿಲು

ಇದನ್ನು ನಂಬಿ ಅಂತ ನಾನು ಯಾರನ್ನೂ ಕೇಳುತ್ತಿಲ್ಲ. ಕಾಲೇಜಿನ ಐದು ವರ್ಷವೂ ಚರ್ಚಾಸ್ಪರ್ಧೆಯಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ಕಪ್ ಗೆದ್ದುಕೊಂಡು ಬಂದವಳು ನಾನು. ದೆವ್ವ ಇದೆಯೇ ಎಂಬ ವಿಷಯ ಕೊಟ್ಟರೆ ವಿರೋಧದ ಕಡೆ ನಿಂತು ಹತ್ತು ನಿಮಿಷದಲ್ಲಿ ಎದುರಿನವರ ಬಾಯಿ ಮುಚ್ಚಿಸುತ್ತೇನೆ. ಇವತ್ತಿಗೂ ನಾನು ನಿಂತಿರುವುದು ಅದೇ ಕಡೆ.

ಆದರೆ ಆ ರಾತ್ರಿ ನಡೆದದ್ದು ನಡೆದಿದೆ. ಅಲ್ಲಿದ್ದ ಮೂವರಲ್ಲಿ ನಾನೊಬ್ಬಳು. ಅದರ ಹನ್ನೊಂದು ಸೆಕೆಂಡು ಇನ್ನೂ ನನ್ನ ಫೋನಿನಲ್ಲಿದೆ. ಅಳಿಸಿಲ್ಲ... ಎರಡು ಸಲ ಕೇಳಿದ ಮೇಲೆ ಮತ್ತೆ ಕೇಳಿಯೂ ಇಲ್ಲ.

ನಾನು ಕೊಪ್ಪಳದವಳು. ಕಾನೂನು ಓದಿ ಮುಗಿಸಿ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದೇನೆ. ಜೊತೆಗೆ ಒಂದು ಯೂಟ್ಯೂಬ್ ಚಾನೆಲ್ ಇಟ್ಟುಕೊಂಡಿದ್ದೇನೆ. ಅಪರಾಧ, ನ್ಯಾಯ ಅಂತ ಸಿನಿಮಾ ಮಾಡುವ ನಮ್ಮ ಕಡೆಯ ಸಣ್ಣಪುಟ್ಟ ನಿರ್ದೇಶಕರನ್ನು ಕೂರಿಸಿಕೊಂಡು ಸಂದರ್ಶನ ಮಾಡುವುದು ನನ್ನ ಹುಚ್ಚು. ಹೊಗಳಿ ಮಾತಾಡಿಸುವ ಸಂದರ್ಶನವಲ್ಲ. ಕಟಕಟೆಯಲ್ಲಿ ನಿಲ್ಲಿಸಿ ಕೇಳುವಂಥದ್ದು. ಜನ ನೋಡುವುದೂ ಅದಕ್ಕೇ.

ಮಹಿಬೂಬಣ್ಣ ಭಾಗ್ಯನಗರದವರು. ತಂದೆ ಬಡಗಿ. ಹತ್ತು ವರ್ಷ ಮದುವೆ ವಿಡಿಯೊ ತೆಗೆದ ಮೇಲೆ ಅವರು ತಮ್ಮ ಮೊದಲ ಸಿನಿಮಾ ಮುಗಿಸಿದ್ದರು. ಕಥೆ ಅವರು ಕಟ್ಟಿದ್ದಲ್ಲ. ಹುಲಿಹೈದರದ ಆಚೆಗಿನ ಒಂದು ಹಳ್ಳಿಯಲ್ಲಿ ನಿಜವಾಗಿ ನಡೆದದ್ದು. ಹಳ್ಳಿಯ ಹೆಸರು ಹೇಳುವುದಿಲ್ಲ. ಇಲ್ಲಿನ ಮನುಷ್ಯರ ಹೆಸರನ್ನೂ ಬದಲಿಸಿದ್ದೇನೆ.

ಗಂಗವ್ವ ಎಂಬಾಕೆ ಸತ್ತಿದ್ದಳು. ಮೆಣಸಿನಕಾಯಿ ಚೀಲ ಒಟ್ಟಿದ್ದ ಕೋಣೆಯೊಳಗೆ, ಹೊಗೆಯಲ್ಲಿ ಉಸಿರು ಕಟ್ಟಿ. ಗಂಡ ಮಂಗಳೂರಿನ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿದ್ದವನು ಮೈದುನ ಹನಮಂತ. ಹೊಲದ ಪಾಲಿನ ವಿಷಯಕ್ಕೆ ಅವನಿಗೂ ಅವಳಿಗೂ ಮಾತು ಬಿಟ್ಟು ಹೋಗಿತ್ತು.

ಇಡೀ ಪ್ರಕರಣ ನಿಂತಿದ್ದು ಒಂದು ಚಿಲಕದ ಮೇಲೆ. ಸೊಳ್ಳೆಗೆಂದು ಆಕೆಯೇ ಸಗಣಿ ಕುಳ್ಳಿನ ಹೊಗೆ ಹಾಕಿಕೊಂಡು, ಒಳಗಿನಿಂದ ಚಿಲಕ ಹಾಕಿ ಮಲಗಿದ್ದಳು, ಚೀಲಕ್ಕೆ ಕಿಡಿ ತಾಗಿತು ಅಂತ ಹನಮಂತನ ವಕೀಲರ ವಾದ. ಹನಮಂತನೇ ಬೆಂಕಿ ಒಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ ಅಂತ ಸರ್ಕಾರಿ ವಕೀಲರ ವಾದ. ಅಕ್ಕಪಕ್ಕದವರು ಹಾರೆಯಿಂದ ಮೀಟಿ ಬಾಗಿಲು ಕಿತ್ತಾಗ ಒಳಗಿನದು, ಹೊರಗಿನದು ಎರಡೂ ಚಿಲಕಗಳು ಕಿತ್ತು ಬಂದಿದ್ದವು. ಹಾಕಿದ್ದು ಯಾವುದು ಅಂತ ಒಬ್ಬ ಸಾಕ್ಷಿ ಹೇಳಿದ್ದು ಇನ್ನೊಬ್ಬ ಹೇಳಿದ್ದಕ್ಕೆ ಹೊಂದಲಿಲ್ಲ. ಮುದ್ದೆಮಾಲು, ಅಂದರೆ ಸಾಕ್ಷ್ಯದ ವಸ್ತು ಅಂತ ಪೊಲೀಸರು ಒಯ್ದ ಬಾಗಿಲು ಎರಡು ಮಳೆಗಾಲ ಬಯಲಲ್ಲಿ ನೆನೆದು, ಗೆದ್ದಲು ತಿಂದು, ನ್ಯಾಯಾಲಯಕ್ಕೆ ಬರುವಷ್ಟರಲ್ಲಿ ನಾಲ್ಕು ಹಲಗೆಯಾಗಿತ್ತು. ಮೂರು ವರ್ಷ ಜೈಲಿನಲ್ಲಿದ್ದ ಹನಮಂತ ಸಂಶಯದ ಲಾಭದ ಮೇಲೆ ಹೊರಗೆ ಬಂದ.

ಮಹಿಬೂಬಣ್ಣ ಸಂದರ್ಶನಕ್ಕೆಂದು ನನಗೆ ಮೊದಲೇ ತೋರಿಸಿದ್ದ ಸಿನಿಮಾದ ಕೊನೆಯಲ್ಲಿ ಮಾತ್ರ ಸಂಶಯವೇ ಇರಲಿಲ್ಲ. ಹೊರಗಿನಿಂದ ಚಿಲಕ ಹಾಕುವ ಒಂದು ಕೈ... ಆಮೇಲೆ ಮೈದುನನ ಮುಖ.

ಸಿನಿಮಾ ಗಂಗಾವತಿಯಲ್ಲಿ ತೋರಿಸುವುದಕ್ಕೆ ವಾರ ಇರುವಾಗ, ಚಿತ್ರೀಕರಣ ನೋಡಿದ್ದ ಊರವರಿಂದ ಆ ಕೊನೆಯ ಸುದ್ದಿ ತಿಳಿದು ಹನಮಂತ ನಮ್ಮ ಆಫೀಸಿಗೆ ಬಂದ. ಗಂಗಾವತಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಕೈ ತುಂಬ ಕರಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಕ್ಕಾರ, ಕೋರ್ಟಿನ್ಯಾಗ ಒಮ್ಮಿ ಬಿಟ್ಟಾರಲ್ರಿ. ಸಿನಿಮಾದಾಗ ಹಿಡದ್ರ ಇನ್ನ್ ಯಾವ ಕೋರ್ಟಿಗಿ ಹೋಗ್ಲಿ?"

ತವರಿಗೆ ಹೋಗಿದ್ದ ಹೆಂಡತಿ ಈ ವರ್ಷವಷ್ಟೇ ತಿರುಗಿ ಬಂದಿದ್ದಳಂತೆ.

"ಬಂದಾಗಿಂದ ಆಕಿ ಒಂದ್ ಮಾತು ಕೇಳಿಲ್ರಿ. ಇದನ್ನ ನೋಡಿದ್ಲಂದ್ರ ಕೇಳ್ತಾಳ. ಕೇಳಿದ್ ದಿನಾನ ಹೋಗ್ತಾಳ."

ನೀನು ಮಾಡಿದೆಯೋ ಇಲ್ಲವೋ ಅಂತ ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ನ್ಯಾಯಾಲಯ ಬಿಟ್ಟಿದೆ ಅಂದರೆ ಬಿಟ್ಟಿದೆ. ಸಂದರ್ಶನದಲ್ಲಿ ಮಹಿಬೂಬಣ್ಣನನ್ನು ಸೋಲಿಸಿ ಆ ಕೊನೆಯ ದೃಶ್ಯ ತೆಗೆಸುತ್ತೇನೆ ಅಂತ ಮಾತು ಕೊಟ್ಟೆ. ಗಂಗವ್ವನ ಪ್ರಕರಣದ ತೀರ್ಪನ್ನು ಆ ರಾತ್ರಿಯೇ ಎರಡು ಸಲ ಓದಿದೆ.

ಫೋನು ಮಾಡಿದಾಗ ಮಹಿಬೂಬಣ್ಣ ನಕ್ಕರು. "ಬಾ ತಂಗಿ, ನಾಳೆ ಸಂಜಿಗೆ ಆ ಮನಿಗೇ ಹೊಂಟೀವಿ. ಅಲ್ಲೇ ಕುಂತು ಬೈಯುವಂತಿ."

ಚಿತ್ರೀಕರಣ ಎಂದೋ ಮುಗಿದಿತ್ತು. ಉಳಿದಿದ್ದು ಒಂದು ನಿಮಿಷದ ಮೌನ. ನೀವು ಗಮನಿಸಿರಲಿಕ್ಕಿಲ್ಲ, ಸಿನಿಮಾದಲ್ಲಿ ಯಾರೂ ಮಾತಾಡದೆ ಇರುವಾಗಲೂ ಒಂದು ಸದ್ದಿರುತ್ತದೆ. ಪ್ರತಿ ಕೋಣೆಗೂ ಅದರದೇ ಮೌನ. ಆದ್ದರಿಂದ ಎಲ್ಲಿ ಚಿತ್ರೀಕರಿಸಿದರೋ ಅಲ್ಲಿಯೇ ಎಲ್ಲರೂ ಉಸಿರು ಬಿಗಿಹಿಡಿದು ಒಂದು ನಿಮಿಷ ಆ ಮೌನವನ್ನು ಧ್ವನಿಮುದ್ರಿಸಿಕೊಳ್ಳುತ್ತಾರೆ. ಅದಕ್ಕೆ ರೂಂ ಟೋನ್ ಅನ್ನುತ್ತಾರೆ. ಮೊದಲು ತೆಗೆದಿದ್ದರಲ್ಲಿ ಪಕ್ಕದ ಹೊಲದ ಪಂಪ್‌ಸೆಟ್ ಗುಂಯ್‌ಗುಟ್ಟಿತ್ತು. ಹಗಲಿಡೀ ಟ್ರ್ಯಾಕ್ಟರ್ ಓಡಾಟ. ಹೀಗಾಗಿ ಕತ್ತಲಾದ ಮೇಲೆ ಮತ್ತೆ ತೆಗೆಯಬೇಕಿತ್ತು.

ಸಿನಿಮಾದ ಧ್ವನಿಮುದ್ರಣ ನೋಡಿಕೊಳ್ಳುವ ಈರಣ್ಣನ ವ್ಯಾನಿನಲ್ಲಿ ಹೊರಟೆವು. ಕನಕಗಿರಿ ದಾಟಿದ ಮೇಲೆ ರಸ್ತೆಯಲ್ಲಿ ನಮ್ಮದೇ ಬೆಳಕು.

"ಈರಣ್ಣಾ, ಹೆದರಬ್ಯಾಡ," ಅಂದರು ಮಹಿಬೂಬಣ್ಣ. "ದೆವ್ವ ಬಂದ್ರ ಈ ತಂಗಿ ಅದಕ್ಕೂ ಪಾಟೀ ಸವಾಲು ಹಾಕ್ತಾಳ."

"ದೆವ್ವ ಬರಲಿ ಬಿಡ್ರಿ," ಅಂದ ಈರಣ್ಣ. "ಮಾತಾಡಲಾರದಂಗ ಸುಮ್ಮ ಕುಂತ್ರ ಸಾಕು. ನನಗ ಈ ಅಕ್ಕಾರದ್ದ ಅಂಜಿಕಿ."

ಮನೆ ಊರಿನ ಅಂಚಿನಲ್ಲಿ ಒಂಟಿಯಾಗಿತ್ತು. ಮಣ್ಣಿನ ಮಾಳಿಗೆ. ಪಡಸಾಲೆ, ಅದರ ಹಿಂದೆ ಆ ಕೋಣೆ. ಗಂಗವ್ವ ಸತ್ತ ಮೇಲೆ ಯಾರೂ ಅಲ್ಲಿ ವಾಸವಿರಲಿಲ್ಲ. ಬಾವಲಿಯ ಹಿಕ್ಕೆ, ಹಳೇ ಮಣ್ಣಿನ ವಾಸನೆ. ಅಷ್ಟೇ.

ಬ್ಯಾಟರಿ ದೀಪದ ಬೆಳಕಲ್ಲಿ ಪಡಸಾಲೆಯಲ್ಲಿ ಕೂತೆವು. ಫೋನನ್ನು ರೆಕಾರ್ಡಿಗೆ ಹಾಕಿ ನೆಲದ ಮೇಲಿಟ್ಟೆ.

"ಕೋರ್ಟ್ ಬಿಟ್ಟ ಮನಷ್ಯಾನ್ನ ನೀವ್ ಹಿಡದೀರಿ. ಯಾವ ಸಾಕ್ಷಿ ಮ್ಯಾಲ?"

"ಊರಾಗ ಎಲ್ಲಾರಿಗೂ ಗೊತ್ತೈತಿ, ತಂಗಿ."

"ಎಲ್ಲಾರಿಗೂ ಗೊತ್ತಿರೋದು ಸಾಕ್ಷಿ ಅಲ್ರಿ."

"ಹೆಸರು ಬದಲಿ ಮಾಡೇನಲ್ಲ?"

"ಮನಿ ಬದಲಿ ಮಾಡಿಲ್ಲ. ಮೆಣಸಿನಕಾಯಿ ಬದಲಿ ಮಾಡಿಲ್ಲ. ಮೈದುನನ್ನ ಬದಲಿ ಮಾಡಿಲ್ಲ. ಬರೇ ಹೆಸರು ಬದಲಿ ಮಾಡಿದ್ರ ಅಂವ ಯಾರಂತ ಮಂದಿಗೆ ತಿಳಿಯಂಗಿಲ್ಲೇನು?"

ಮಹಿಬೂಬಣ್ಣ ಬೀಡಿ ತೆಗೆದರು. ಹಚ್ಚಲಿಲ್ಲ. "ಅವಂಗ ವಕೀಲರಿದ್ರು. ಈಗ ನೀನೂ ಅದಿ. ಸತ್ತಾಕಿ ಪರವಾಗಿ ಮಾತಾಡಾಕ ಯಾರದಾರ ಹೇಳು?"

ಸರ್ಕಾರಿ ವಕೀಲರು ಇದ್ದರಲ್ಲ ಅಂದೆ. ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ಪಡಸಾಲೆಯಲ್ಲಿ ಅದು ಭಾಳ ಸಣ್ಣದಾಗಿ ಕೇಳಿಸಿತು. ಸಿಟ್ಟಿಗೆ ಎದ್ದು ಆ ಕೋಣೆಯ ಬಾಗಿಲ ಹತ್ತಿರ ಹೋದೆ.

ಹಳೇ ಬಾಗಿಲು ಮುದ್ದೆಮಾಲಾಗಿ ಹೋಗಿತ್ತಲ್ಲ, ಚೌಕಟ್ಟು ಖಾಲಿ ಉಳಿದಿತ್ತು. ಸಿನಿಮಾಕ್ಕೆಂದು ಮಹಿಬೂಬಣ್ಣನ ತಂದೆ ಹೊಸದೊಂದು ಮಾಡಿಕೊಟ್ಟಿದ್ದರು. ಹೊರಗಿನ ಮೈಗೆ ಹಳೇ ತೇಗದ ಬಣ್ಣ, ಉಬ್ಬು ಮೊಳೆ, ದಪ್ಪ ಕಬ್ಬಿಣದ ಚಿಲಕ. ನೂರು ವರ್ಷದ್ದು ಅನ್ನಬೇಕು, ಹಾಗಿತ್ತು. ಒಳಗೆ ಕಾಲಿಟ್ಟು ಹಿಂದಿನ ಮೈಗೆ ಬೆಳಕು ಹಿಡಿದೆ. ಬರೀ ಪ್ಲೈವುಡ್. ಬಣ್ಣವಿಲ್ಲ, ಮೊಳೆಯಿಲ್ಲ.

"ಒಳಗ ಚಿಲಕ ಎಲ್ಲೈತ್ರಿ?"

"ಕ್ಯಾಮೆರಾಕ್ಕ ಕಾಣದ್ ಕಡೆ ನಾವ್ ಏನೂ ಮಾಡಂಗಿಲ್ಲ. ನಮ್ಮ ಕೆಲಸದ ಪದ್ಧತಿನ ಹಂಗ. ಅಪ್ಪನೂ ಕೇಳಿದ್ರು, ಒಳಗೊಂದು ಚಿಲಕ ಹಾಕ್ಲೇನು ಅಂತ. ಬ್ಯಾಡ ಅಂದೆ."

"ಅಂದ್ರ ಆಕಿ ಒಳಗಿಂದ ಹಾಕ್ಕೊಂಡಿರಬಹುದು ಅನ್ನೋದಕ್ಕ ನಿಮ್ಮ ಸಿನಿಮಾದಾಗ ಜಾಗಾನ ಇಟ್ಟಿಲ್ಲ. ನಿಮ್ಮ ತೀರ್ಪು ಬಡಗಿ ಮನ್ಯಾಗ ಆಗಿಹೋಗೈತ್ರಿ ಮಹಿಬೂಬಣ್ಣಾ."

ಅವರು ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡರು. ಗೆದ್ದೆ ಅಂದುಕೊಂಡೆ.

"ಸಾಕ್ರಿ ನಿಮ್ಮ ವಾದ," ಅಂದ ಈರಣ್ಣ. "ನನ್ ಒಂದ್ ನಿಮಿಷ ನನಗ ಕೊಡ್ರಿ. ಮನಿಗಿ ಹೋಗೂನು."

ಅವನು ಮೈಕನ್ನು ಸ್ಟ್ಯಾಂಡಿಗೆ ಹಚ್ಚಿ ಕೋಣೆಯ ನಡುವೆ ನಿಲ್ಲಿಸಿದ. ಬಾಗಿಲನ್ನು ಸುಮ್ಮನೆ ಎಳೆದುಕೊಂಡು ಹೊರಗೆ ಬಂದ. ಚಿಲಕ ಹಾಕಲಿಲ್ಲ. ನಾನು ನೋಡುತ್ತಿದ್ದೆ. ಕೋಣೆಗೆ ಕಿಟಕಿಯಿಲ್ಲ. ಮಾಳಿಗೆಯಲ್ಲಿ ಅಂಗೈ ಅಗಲದ ಒಂದು ಬೆಳಕಿಂಡಿ. ಬೆಕ್ಕೂ ಇಳಿಯಲಾರದು.

ಮೂವರೂ ಪಡಸಾಲೆಯ ಗೋಡೆಗೆ ಒರಗಿ ಕೂತೆವು. ಈರಣ್ಣ ಹೆಡ್‌ಫೋನ್ ಏರಿಸಿಕೊಂಡ. ಕೈ ಎತ್ತಿದ. ಇಳಿಸಿದ.

ಮೌನ...

ಒಂದು ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗಬೇಕಾದರೆ ಹಾಗೆ ಕೂರಬೇಕು. ನನ್ನ ಕಿವಿಯೊಳಗಿನ ರಕ್ತದ ಸದ್ದು ನನಗೇ ಕೇಳುತ್ತಿತ್ತು.

ಮೊದಲು ಬಂದದ್ದು ವಾಸನೆ. ಬಾಣಲೆಯಲ್ಲಿ ಒಣಮೆಣಸಿನಕಾಯಿ ಕರಕಲಾಗುವಾಗ ಬರುತ್ತದಲ್ಲ, ಆ ಘಾಟು. ಯಾರದೋ ಮನೆಯ ಒಗ್ಗರಣೆ ಅಂದುಕೊಂಡೆ. ಆದರೆ ಹತ್ತಿರದ ಮನೆ ಒಂದು ಹೊಲದ ಆಚೆಗಿತ್ತು. ಗಾಳಿ ಒಂದಿಷ್ಟೂ ಇರಲಿಲ್ಲ. ಗಂಟಲು ಕೆರೆಯತೊಡಗಿತು. ಕಣ್ಣಲ್ಲಿ ನೀರು. ಕೆಮ್ಮಿದರೆ ಮತ್ತೆ ಮೊದಲಿನಿಂದ... ದುಪಟ್ಟಾ ಬಾಯಿಗೆ ತುರುಕಿಕೊಂಡೆ. ಪಕ್ಕದಲ್ಲಿ ಮಹಿಬೂಬಣ್ಣ ಕಣ್ಣು ಉಜ್ಜಿಕೊಳ್ಳುತ್ತಿದ್ದರು.

ಈರಣ್ಣ ತಟ್ಟನೆ ತಲೆ ಎತ್ತಿ ನನ್ನನ್ನು ಗುರಾಯಿಸಿದ. ಸುಮ್ಮನಿರ್ರಿ ಅಂತ ಬೆರಳು ತುಟಿಗಿಟ್ಟ. ನಾನಲ್ಲ ಅಂತ ತಲೆ ಅಲ್ಲಾಡಿಸಿದೆ. ಅವನು ಮಹಿಬೂಬಣ್ಣನ ಕಡೆ ತಿರುಗಿದ. ಅವರೂ ಅಲ್ಲಾಡಿಸಿದರು. ಈರಣ್ಣನ ಮುಖದ ಸಿಟ್ಟು ನಿಧಾನಕ್ಕೆ ಇಳಿಯಿತು. ಅದರ ಜಾಗಕ್ಕೆ ಬೇರೆ ಏನೋ ಬಂತು.

ಆಮೇಲೆ ಮೂವರಿಗೂ ಕೇಳಿಸಿತು.

ಕರ್... ಟಕ್.

ಕಬ್ಬಿಣ ಕಬ್ಬಿಣದ ಮೇಲೆ ಜಾರಿ, ಕಚ್ಚಿಕೊಂಡು ನಿಲ್ಲುವ ಸದ್ದು. ನಿಮ್ಮ ಮನೆಯಲ್ಲೂ ದಿನಾ ಕೇಳುತ್ತೀರಿ. ನನ್ನ ಕಣ್ಣು ಮೊದಲು ಹೋದದ್ದು ಹೊರಗಿನ ಚಿಲಕಕ್ಕೆ. ಅದು ಈರಣ್ಣ ಬಿಟ್ಟ ಹಾಗೇ ತೂಗಾಡದೆ ನಿಂತಿತ್ತು.

ಈರಣ್ಣ ನಿಮಿಷ ಮುಗಿಯಿತು ಅಂತ ಹೇಳಲೇ ಇಲ್ಲ.

"ಯಾರ್ ಕೆಮ್ಮಿದ್ರಿ?" ಅಂದ.

"ಯಾರೂ ಕೆಮ್ಮಿಲ್ಲ."

"ಮೂರು ಸಲ ಆತ್ರಿ. ಮೈಕಿನ ಮುಂದ."

ನಾನೇ ಎದ್ದೆ. ಪ್ಲೈವುಡ್ ಬಾಗಿಲು, ಹಳೇ ಸೊಟ್ಟ ಚೌಕಟ್ಟು, ಸಿಕ್ಕಿಕೊಂಡು ಸದ್ದಾಗಿರುತ್ತದೆ ಅಂತ ಜೋರಾಗಿಯೇ ಹೇಳುತ್ತ ಹೋಗಿ ತಳ್ಳಿದೆ.

ಬಾಗಿಲು ತೆರೆಯಲಿಲ್ಲ.

ಮೇಲೆ ತಳ್ಳಿದೆ, ಬೆರಳಷ್ಟು ಒಳಗೆ ಸರಿಯಿತು. ಕೆಳಗೆ ಕಾಲಿನಿಂದ ಒತ್ತಿದೆ, ಅಲ್ಲೂ ಸರಿಯಿತು. ನಡುವೆ ಮಾತ್ರ ಅಲುಗಲಿಲ್ಲ... ಸರಿಯಾಗಿ ನನ್ನ ಎದೆಯ ಎತ್ತರಕ್ಕೆ, ಚಿಲಕ ಇರುವ ಕಡೆ. ಮರ ಉಬ್ಬಿ ಸಿಕ್ಕಿಕೊಂಡ ಬಾಗಿಲು ಮೇಲೋ ಕೆಳಗೋ ಹಿಡಿಯುತ್ತದೆ. ಹೀಗೆ ಒಂದೇ ಬಿಂದುವಿನಲ್ಲಿ ಹಿಡಿಯುವುದಿಲ್ಲ. ಇದು ನನಗೆ ಆಗಲೇ ಹೊಳೆಯಿತು. ಹೇಳಲಿಲ್ಲ.

"ಬಾಗಲಾ ಬಿಟ್ಟು ಬರ್ರಿ ಅಕ್ಕಾರ," ಅಂದ ಈರಣ್ಣ. ಹೆಡ್‌ಫೋನ್ ಇನ್ನೂ ತಲೆಯ ಮೇಲೇ ಇತ್ತು. "ಉಸರಾಡಾಕತ್ತಾರ. ನಿಮ್ಮ ಎದುರಿಗೇ ಅದಾರ."

ನನ್ನ ಅಂಗೈ ಬಾಗಿಲ ಮೇಲಿತ್ತು. ತೆಗೆದೆ.

ಮಹಿಬೂಬಣ್ಣ ಎದ್ದು ಬಂದರು. ಟೋಪಿ ಸರಿಮಾಡಿಕೊಂಡರು. ನಾನು ಅವರಿಂದ ಎಂದೂ ಕೇಳಿರದ ದನಿಯಲ್ಲಿ, ತಮ್ಮ ಮನೆಯ ಹೆಣ್ಣುಮಗಳ ಹತ್ತಿರ ಮಾತಾಡುವವರ ಹಾಗೆ ಕೇಳಿದರು.

"ಗಂಗವ್ವಕ್ಕಾ... ನೀನ ಹಾಕ್ಕೊಂಡಿದ್ಯೇನವ್ವಾ?"

ಏನೂ ಇಲ್ಲ. ದೂರದಲ್ಲಿ ಒಂದು ನಾಯಿ ಕೂಡ ಬೊಗಳಲಿಲ್ಲ.

ಎಷ್ಟು ಹೊತ್ತೋ... ಟಕ್. ಕರ್.

ಬಾಗಿಲು ತಾನಾಗಿ ಒಂದು ಗೇಣು ಒಳಗೆ ಸರಿಯಿತು.

ಈರಣ್ಣ ಒಳಗೆ ಹೋಗಲು ಒಪ್ಪಲಿಲ್ಲ. ನಾನೂ ಮಹಿಬೂಬಣ್ಣನೂ ಹೋದೆವು. ಕೋಣೆ ಖಾಲಿ. ಮೈಕ್ ನಿಲ್ಲಿಸಿದಲ್ಲೇ ಇತ್ತು. ಬಾಗಿಲ ಹಿಂದೆ ಬೆಳಕು ಹಿಡಿದು, ಪ್ಲೈವುಡ್ಡಿನ ಮೇಲೆ ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದೆ. ಚಿಲಕವಿಲ್ಲ. ಚಿಲಕ ಇದ್ದ ತೂತಿಲ್ಲ. ಗೀರೂ ಇಲ್ಲ. ಘಾಟು ಹೋಗಿಬಿಟ್ಟಿತ್ತು. ನಮ್ಮ ಮೂವರ ಕಣ್ಣು ಮಾತ್ರ ಕೆಂಡದ ಹಾಗೆ ಕೆಂಪಾಗಿದ್ದವು. ವ್ಯಾನಿನ ಕನ್ನಡಿಯಲ್ಲಿ ನೋಡಿಕೊಂಡೆವು.

ಗಂಗಾವತಿಯ ಬೀದಿದೀಪ ಕಂಡವು.

"ಆ ಕೈ ಶಾಟ್ ತಗದುಬಿಡ್ತೀನಿ," ಅಂದರು ಮಹಿಬೂಬಣ್ಣ.

"ಯಾಕ್ರಿ? ಬಾಗಲಾ ತೆರೀತು ಅಂದ್ರ ಹೌದು ಅಂದಂಗಾತೇನು? ಉತ್ತರಾನ ಪ್ರಶ್ನೆಯೊಳಗ ಇಟ್ಟು ಕೇಳಿದ್ರ ಯಾವ ಕೋರ್ಟೂ ಒಪ್ಪಂಗಿಲ್ಲ. ಇವತ್ತ ದೆವ್ವ ಒಬ್ಬನ್ನ ಬಿಡಸ್ತಂದ್ರ ನಾಳೆ ಇನ್ನೊಬ್ಬನ್ನ ಗಲ್ಲಿಗೇರಸ್ತೈತಿ."

ನಾನು ಗೆಲ್ಲಬೇಕಾಗಿದ್ದ ವಾದವನ್ನು ನಾನೇ ಒಡೆಯುತ್ತಿದ್ದೆ. ಚಟ, ಏನು ಮಾಡುವುದು.

"ಹೌದು ಅಂದ್ಲೋ ಅಲ್ಲ ಅಂದ್ಲೋ ನನಗ ತಿಳೀಲಿಲ್ಲ, ತಂಗಿ," ಅಂದರು. "ತಿಳೀದಿದ್ದನ್ನ ಹೆಂಗ ತೋರಸ್ಲಿ?"

ಮರುದಿನ ಈರಣ್ಣ ಫೋನು ಮಾಡಿದ. ಕೋಣೆಯೊಳಗಿನ ಮೈಕು ಹಿಡಿದದ್ದರಲ್ಲಿ ಕೆಮ್ಮಿಲ್ಲ, ಉಸಿರಿಲ್ಲ, ಚಿಲಕದ ಸದ್ದಿಲ್ಲ. ನಾನು ಬಾಗಿಲು ತಳ್ಳಿದ್ದು, ನಾವು ಮಾತಾಡಿದ್ದು ಕೂಡ ಇಲ್ಲ. ಮೊದಲಿನಿಂದ ಕೊನೆಯವರೆಗೆ ಅಷ್ಟು ಶುದ್ಧ ಮೌನವನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲವಂತೆ. ಚಿಲಕದ ಸದ್ದು ಸಿಕ್ಕಿದ್ದು ಹೊರಗೆ, ಪಡಸಾಲೆಯ ನೆಲದ ಮೇಲಿದ್ದ ನನ್ನ ಫೋನಿನಲ್ಲಿ ಮಾತ್ರ, ನಾನು ಕತ್ತರಿಸಿ ಇಟ್ಟುಕೊಂಡ ಆ ಹನ್ನೊಂದು ಸೆಕೆಂಡು. ಕಿವಿಗಳು ಒಳಗೆ ಅಂದವು. ಯಂತ್ರ ಹೊರಗೆ ಅಂದಿತು. ಆ ಪ್ರಕರಣದ ಇಬ್ಬರು ಸಾಕ್ಷಿಗಳ ಹಾಗೆಯೇ. ನಮ್ಮ ಮೂವರ ನಡುವೆ ಒಂದು ಒಪ್ಪಂದವಾಯಿತು. ಈ ವಿಷಯ ಸದ್ಯಕ್ಕೆ ಯಾರಿಗೂ ಬಿಡಿಸಿ ಹೇಳಬಾರದು. ಸಿನಿಮಾದ ಪ್ರಚಾರಕ್ಕೆ ಕಟ್ಟಿದ್ದು ಅಂತಾರೆ.

ಸಿನಿಮಾ ತೋರಿಸಿದರು. ಕೈ ಇರಲಿಲ್ಲ, ಮೈದುನನ ಮುಖ ಇರಲಿಲ್ಲ. ಮುಚ್ಚಿದ ಬಾಗಿಲು, ಅದರ ಕೆಳಗಿನಿಂದ ಬರುವ ಹೊಗೆ, ಅಷ್ಟಕ್ಕೇ ಮುಗಿಯಿತು.

ಎರಡು ದಿನ ಬಿಟ್ಟು ಮಧ್ಯಾಹ್ನ ಹನಮಂತ ಫೋನು ಮಾಡಿದ. ಹಿಂದೆ ಗಾಳಿ ಹಾಕುವ ಯಂತ್ರ ಧಡಧಡ ಅನ್ನುತ್ತಿತ್ತು.

"ಅಕ್ಕಾರ, ನಿಮ್ಮ ಉಪಕಾರ ಭಾಳ ಆತ್ರಿ. ಸಿನಿಮಾ ನೋಡಿದ್ವಿ. ಆಕಿನೂ ಬಂದಿದ್ಲು."

"ಏನಂದ್ಲು?"

"ಏನೂ ಅನ್ಲಿಲ್ರಿ. ಛಲೋ ಮಾಡ್ಯಾರ ಅಂದ್ಲು. ಮನಿಗಿ ಬಂದು ರೊಟ್ಟಿ ಬಡದ್ಲು."

ನನಗೆ ನಿಜವಾಗಿ ಖುಷಿಯಾಯಿತು. ಇನ್ನೇನು ಫೋನು ಇಡಬೇಕು, ಅಷ್ಟರಲ್ಲಿ,

"ಅಕ್ಕಾರ... ನೀವು ಆ ಮನ್ಯಾಗ ಇದ್ದ್ ರಾತ್ರಿ ಏನೋ ಆತಂತಲ್ರಿ? ಊರಾಗ ಮಾತಾಡಾಕತ್ಯಾರ."

"ಏನಿಲ್ಲ. ಬಾಗಲಾ ಬಿಗದಿತ್ತು ಅಷ್ಟ."

"ಹೌದ್ರಿ?"

ಯಂತ್ರ ನಿಂತಿತು. ಅವನೇ ಆರಿಸಿರಬೇಕು. ಅವನ ದನಿ ಫೋನಿಗೆ ಹತ್ತಿರ ಬಂತು.

"ಎಷ್ಟು ಸಲ ಕೆಮ್ಮಿದ್ಲು?"

ಯಾಕೆ ಹೇಳಿದೆನೋ ಗೊತ್ತಿಲ್ಲ, ಬಾಯಿಯಿಂದ ತಾನಾಗಿ ಬಂತು. "ಮೂರು."

"ಹ್ಞೂಂ," ಅಂದ ಹನಮಂತ. ಗೊತ್ತಿದ್ದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದವರು ಅನ್ನುವ ಹಾಗೆ. ಫೋನಿಟ್ಟ.

ತೀರ್ಪಿನಲ್ಲಿ ಅವನ ಹೇಳಿಕೆ ಸ್ಪಷ್ಟವಾಗಿದೆ. ಗಂಗವ್ವ ಸತ್ತ ದಿನ ಅವನು ಕನಕಗಿರಿ ಸಂತೆಗೆ ಹೋಗಿದ್ದ. ತಿರುಗಿ ಬಂದದ್ದು ಬಾಗಿಲು ಕಿತ್ತ ಮೇಲೆ.

ಮೆಣಸಿನಕಾಯಿ ಹೊಗೆಯಲ್ಲಿ ಯಾರಾದರೂ ಕೆಮ್ಮುತ್ತಾರೆ, ಅದನ್ನು ಊಹಿಸಲು ಅಲ್ಲಿರಬೇಕಾಗಿಲ್ಲ ಅಂತ ನೀವು ಹೇಳಬಹುದು. ನಾನೂ ಅದನ್ನೇ ಹೇಳಿಕೊಂಡೆ. ಬಾಯಿ ತಪ್ಪಿ ಯಾರಾದರೂ ಹೇಳಿದ್ದೀರಾ ಅಂತ ಮಹಿಬೂಬಣ್ಣನನ್ನೂ ಈರಣ್ಣನನ್ನೂ ಕೇಳಿದೆ. ಇಬ್ಬರೂ ತಾಯಿಯ ಆಣೆ ಇಟ್ಟರು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ನಂಬುವುದೇ ಸುಲಭ. ನಂಬಲು ದಿನಾ ಹೆಣಗುತ್ತೇನೆ.

ಮೊನ್ನೆ ಕೋರ್ಟಿನ ಕೆಲಸಕ್ಕೆ ಗಂಗಾವತಿಗೆ ಹೋಗುವಾಗ ಆ ಅಂಗಡಿ ದಾಟಿದೆ. ಹನಮಂತ ಬೆನ್ನು ಹಾಕಿ ಕೂತು ಟೈರು ಬಿಚ್ಚುತ್ತಿದ್ದ. ಹಿಂದಿನ ಮನೆಯ ಹೊಸ್ತಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಅವನನ್ನೇ ನೋಡುತ್ತಿದ್ದಳು. ಸ್ಕೂಟಿಯ ವೇಗ ತಗ್ಗಿಸಿದೆ. ಆಕೆ ನನ್ನ ಕಡೆ ತಿರುಗಿದಳು, ಏನೋ ಕೇಳಬೇಕು ಎಂಬಂತೆ ಎರಡು ಹೆಜ್ಜೆ ಮುಂದೆ ಬಂದಳು...

ನಾನು ನಿಲ್ಲಿಸಲಿಲ್ಲ.